ಕೂಳಿ ಚಿಗುರಿದ ಬ್ಯಾಸಗಿ

ಮೊನ್ನೆ ಆದೋನಿ ಬಸ್ ಸ್ಟ್ಯಾಂಡಿನ ಹೊರಗ ನಿಂತಿದ್ದೆ. ಆಟೋದಾಗ ಹಸಿ ಜ್ವಾಳದ ಮೇವು ಹೇರಿಕೊಂಡು ಯಾರೋ ಮುಂದ ಹಾದು ಹೋದ್ರು. ಆ ವಾಸನಿ ಮೂಗಿಗೆ ಬಡದದ್ದೇ ತಡ, ಗ್ವಾಡಿಗೆ ಕೈ ಹಚ್ಚಿ ನಿಂತೆ. ಪಕ್ಕದಾಗಿದ್ದ ಹೆಣ್ಮಗಳು ಬಿಸಿಲಿಗೆ ಹಿಂಗಾಗೈತಿ ಅಂತ ನೀರಿನ ಬಾಟಲಿ ಕೊಟ್ಲು. ಬಿಸಿಲಾಗ ಹುಟ್ಟಿ ಬಿಸಿಲಾಗೇ ಬೆಳೆದಾಕಿ ನಾನು, ಬಿಸಿಲು ನನಗೇನು ಮಾಡತೈತಿ? ಮಂದಿಗೆ ಆ ವಾಸನಿ ಅಂದ್ರ ಎಮ್ಮಿ, ಹಾಲು, ಮಜ್ಜಿಗಿ. ನನಗ ಅಂದ್ರ ಆ ಒಂದು ವರ್ಷ. ಬಿತ್ತಿದ ದಿನದಿಂದ ಹಿಡಿದು ನೆಲದ ಮ್ಯಾಲೆ ರಕ್ತ ಬಿದ್ದ ದಿನದ ತನಕ ಎಲ್ಲಾ ಒಮ್ಮೆಲೇ ಬಂದು ಎದಿ ಮ್ಯಾಲೆ ಕುಂತಿತು.

ನನ್ನ ಹೆಸರು ಶಾಂತಮ್ಮ. ಶಾಂತಿ ಇರೋದು ರೇಷನ್ ಕಾರ್ಡಿನಾಗ ಅಷ್ಟೇ, ನಾಲಿಗಿ ಮ್ಯಾಲೆ ಇಲ್ಲ ಅಂತ ನಮ್ಮತ್ತಿ ನಾನು ಮದುವಿಯಾಗಿ ಬಂದ ವಾರದಾಗೇ ಊರಿಗೆಲ್ಲಾ ಹೇಳಿಬಿಟ್ಟಿದ್ಳು. ಸುಳ್ಳಲ್ಲ. ನಮ್ಮೂರು ಆದೋನಿಯಿಂದ ಪತ್ತಿಕೊಂಡಕ್ಕ ಹೋಗೋ ದಾರಿ ಬಿಟ್ಟು ಒಳಗ ಐತಿ. ನಮಗಿರೋದು ಎರಡು ಎಕರೆ ಎರಿ ಹೊಲ, ನಡುವ ಒಂದು ಬದು. ನನ್ನ ಗಂಡ ಹನುಮಂತ ಊರಿಗೇ ಹೆಸರಾದ ಉಳುವವ. ಅವನ ನೇಗಿಲ ಸಾಲು ದಾರ ಹಿಡಿದಂಗ ಇರತಿತ್ತು. ಒಂದು ಜೋಡಿ ಎತ್ತು ಕಟ್ಟಿಕೊಂಡು ತನ್ನ ಹೊಲದ ಜೊತಿ ಊರಾಗ ಹತ್ತು ಮಂದಿ ಹೊಲ ಉಳತಿದ್ದ. ಎತ್ತಿನ ಮೈ ತೊಳೆದ ಮ್ಯಾಲೇ ತಾನು ಸ್ನಾನ ಮಾಡೋದು.

ಆ ವರ್ಷ ಮುಂಗಾರಿ ಹೊತ್ತಿಗೆ ಯಾವುದೋ ಸಂಸ್ಥೆ ಕಡೆಯಿಂದ ಒಬ್ರು ಸಾರು ಬಂದ್ರು. ಸಣ್ಣ ವಯಸ್ಸು, ತೆಲುಗು ಮಾತು, ಬಗಲಾಗ ದಪ್ಪನ ಪುಸ್ತಕ. ನಾಕು ಮನಿ ತಿರುಗಿ ಎಲ್ಲಾ ಕಡೆ ನಗೆಪಾಟಲಾಗಿ ಕಡೀಗೆ ನಮ್ಮ ಕಟ್ಟಿಗೆ ಬಂದು ಕುಂತ್ರು. ಅವರ ಮಾತು ಇಷ್ಟೇ. ಒಂದು ಎಕರೆ ನಿಮ್ಮ ಪದ್ಧತಿ ಪ್ರಕಾರ ಉತ್ತು, ಕುಂಟಿ ಹೊಡೆದು ಕಸ ಕಿತ್ತು ಬಿತ್ರಿ. ಇನ್ನೊಂದು ಎಕರೆಗೆ ನೇಗಿಲು ಮುಟ್ಟಿಸಬ್ಯಾಡ್ರಿ, ಹಳೇ ಸೊಪ್ಪಿ, ಒಣಗಿದ ದಂಟು, ಕಸ ಎಲ್ಲಾ ನೆಲದ ಮ್ಯಾಲೇ ಬಿಟ್ಟು ಅದರ ನಡುವ ಬೀಜ ಹಾಕ್ರಿ. ಎರಡಕ್ಕೂ ಒಂದೇ ಬೀಜ, ಒಂದೇ ಮಳಿ. ಯಾವುದಕ್ಕ ಎಷ್ಟು ಆಳು, ಎಷ್ಟು ತಾಸು ಎತ್ತಿನ ದುಡಿಮಿ, ಕಡೀಗೆ ಎಷ್ಟು ಕಾಳು, ಎಲ್ಲಾ ನಾವು ಬರಕಂತೀವಿ. "ದುನ್ನಕುಂಡಾ ವೇಸಿ ಚೂಡಂಡಮ್ಮಾ" ಅಂದ್ರು ನನ್ನ ಕಡೆ ತಿರುಗಿ, ಉಳದೇ ಬಿತ್ತಿ ನೋಡ್ರಮ್ಮ ಅಂತ.

ಹನುಮಂತ ಹೊಟ್ಟಿ ಹಿಡಕಂಡು ನಕ್ಕ. ಉಳಲಾರದ ಹೊಲಾನೂ ತಲಿ ಬಾಚಲಾರದ ಹೆಣ್ತಿನೂ ಒಂದೇ ಸಾರ್ ಅಂದ. ಅವತ್ತು ನಾನು ತಲಿ ಬಾಚಿರಲಿಲ್ಲ. ಕಟ್ಟಿ ಮ್ಯಾಲಿದ್ದ ನಾಕು ಗಂಡಸರು ನನ್ನ ಕಡೆ ನೋಡಿ ಮೀಸಿ ಅಡೀಲಿ ನಕ್ರು. ನನಗ ಮೈಯೆಲ್ಲಾ ಉರೀತು. ಬದುವಿನ ಆಚಿ ಎಕರೆ ನನ್ನ ಹೆಸರಿಗೆ ಬರಕಳ್ರಿ, ನಾನೇ ಮಾಡತೀನಿ ಅಂದೆ. ಒಕ್ಕಲುತನ ಕಲಿಯಾಕ ಅಲ್ಲ ನಾನು ಒಪ್ಪಿದ್ದು, ಜಿದ್ದಿಗೆ.

ಅವನ ಎಕರೆ ಮಳಿಗಾಲ ಪೂರ್ತಿ ದುಡಿಸಿಕಂಡಿತು. ಒಂದು ಮಳಿ ಬಿದ್ರ ಕುಂಟಿ, ಇನ್ನೊಂದು ಬಿದ್ರ ಮತ್ತ ಕುಂಟಿ. ಎತ್ತಿನ ಹೆಗಲು ಕೆತ್ತಿ ಹೋತು. ನನ್ನ ಎಕರೆಗೆ ಸಾರಿನ ಮಂದಿ ಬಂದು ಕಸ ಸಾಯಾಕ ಒಮ್ಮೆ ಔಷಧಿ ಹೊಡೆದು ಹೋದ್ರು. ಆಮ್ಯಾಲೆ ನನಗ ಕೆಲಸಿಲ್ಲ. ದಸರಾ ಹೊತ್ತಿನ ಹಸ್ತಿ ಮಳಿಗೆ ಅವ ಎತ್ತು ಕಟ್ಟಿ ಕೂರಿಗ್ಯಾಗ ಬಿತ್ತಿದ. ನಾನು ಸಾರು ಕೊಟ್ಟ, ಕೈಲೆ ನೂಕೋ ಚಕ್ರದ ಬಿತ್ತೋ ಗಾಡಿ ಹಿಡಿದು ಬಿತ್ತಿದೆ. ಅದನ್ನ ನೂಕಿ ನೂಕಿ ರಟ್ಟಿ ಬಿದ್ದು ಹೋದ್ವು. ಅವನ ಹೊಲದಾಗ ಜ್ವಾಳ ಗೆರಿ ಕೊರೆದಂಗ ಎದ್ದಿತು. ನನ್ನದು ಹರಕ ಹಲ್ಲಿನಂಗ ಅಲ್ಲಲ್ಲಿ. ಹೆಣ್ಮಕ್ಕಳು ಹಾದಿಗೆ ನಿಂತು, ಶಾಂತಮ್ಮ ಹೊಲಕ್ಕ ಕೌದಿ ಹೊದಿಸ್ಯಾಳ, ಅದಿನ್ನಾ ಮಲಗೈತಿ, ಎಬ್ಬಿಸಬ್ಯಾಡ್ರೇ ಅಂತ ಅಣಕಿಸತಿದ್ರು.

ಆದ್ರ ದೀಪಾವಳಿ ಆದ ಮ್ಯಾಲೆ ಒಂದು ಹನಿ ಬೀಳಲಿಲ್ಲ. ಅವನ ಎಕರೆ ಬಿರುಕು ಬಿಡ್ತು. ಆ ಬಿರುಕಿನ್ಯಾಗ ಅಂಗೈ ಇಳೀತಿತ್ತು, ಜ್ವಾಳದ ಎಲಿ ಸುರುಳಿ ಸುತ್ತಿದ್ವು. ನನ್ನ ಹೊಲದಾಗ ಸೊಪ್ಪಿ ಸರಿಸಿ ಬೆರಳು ಹಾಕಿದ್ರ ಮಣ್ಣು ತಣ್ಣಗ ಹತ್ತತಿತ್ತು. ದಿನಾ ಹೊತ್ತು ಮುಳುಗೋ ಮುಂದ ಹನುಮಂತ ಬದುವಿನ ಮ್ಯಾಲೆ ನಿಂತು ಎರಡೂ ಕಡೆ ನೋಡತಿದ್ದ. ನನ್ನ ಎಕರೆ ಗೆದ್ರ ಊರಾಗ ಅವನ ನೇಗಿಲು ಯಾರು ಕೇಳಬೇಕು ಅನ್ನೋದು ನನಗ ಅವಾಗ ತಿಳೀತು. ತಿಳಿದೂ ಖುಷಿ ಆತು, ಯಾಕ ಸುಳ್ಳು ಹೇಳಲಿ.

ಶಿವರಾತ್ರಿ ಆಜುಬಾಜು ಕೊಯ್ಲಾತು. ಸಾರು ಎರಡೂ ರಾಶಿ ಬ್ಯಾರೆ ಬ್ಯಾರೆ ತೂಗಿಸಿದ್ರು. ಕಾಳು ಹೆಚ್ಚೂ ಕಡಿಮಿ ಸಮ ಬಂತು, ಅವನದು ಒಂದು ಬುಟ್ಟಿ ಮುಂದ. ಆದ್ರ ನನ್ನ ಎಕರೆಗೆ ಎತ್ತಿನ ದುಡಿಮಿ ಸೊನ್ನಿ. ಸಾರು ಪೆನ್ನು ಎತ್ತಿ, ಒಂದು ವರ್ಷದ ಲೆಕ್ಕ ಲೆಕ್ಕಲ್ಲಮ್ಮ, ಇನ್ನೊಂದು ವರ್ಷ ಬೇಕು ಅಂದ್ರು. ಅದಕ್ಕ ಒಂದೇ ಷರತ್ತು: ಕೊಯ್ದ ಮ್ಯಾಲೆ ನನ್ನ ಎಕರೆದಾಗ ಅರ್ಧ ಸೊಪ್ಪಿ ನೆಲಕ್ಕೇ ಬಿಡಬೇಕು, ಬುಡ ಕೀಳಬಾರದು, ಮುಂದಿನ ಬಿತ್ತನಿ ತನಕ ಒಂದು ದನಾನೂ ಬಾಯಿ ಹಾಕಬಾರದು. ಕೊಯ್ದ ಮ್ಯಾಲೆ ನೆಲದಾಗ ಉಳಿಯೋ ಗೇಣುದ್ದ ಬುಡಕ್ಕ ನಾವು ಕೂಳಿ ಅಂತೀವಿ. ಆ ಕೂಳಿ ಹೋದ್ರ ನನ್ನ ಎಕರೇನೂ ಹೋತು, ಪಂದ್ಯಾನೂ ಹೋತು.

ಮೊದಲನೇ ಜಗಳ ಮನ್ಯಾಗೇ ಆತು. ಎತ್ತು ಉಪವಾಸ ಬಿದ್ದಾವ, ನೀ ಸೊಪ್ಪಿ ಮಣ್ಣಿಗೆ ತಿನಸತೀಯೇನು ಅಂತ ಹನುಮಂತ ಕೈ ಎತ್ತಿದ. ನಾನು ಒಲಿ ಮುಂದಿನ ಕಟಗಿ ಎತ್ತಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಇಳಿಸಿದ್ವಿ. ಅತ್ತಿ ಮೂಲ್ಯಾಗ ಕುಂತು, ಹೊಡಕಳ್ರಿ, ಹೊಡಕಂಡು ಸಾಯ್ರಿ, ರೊಟ್ಟಿ ಮಾತ್ರ ಹೊತ್ತಿಸಬ್ಯಾಡ್ರಿ ಅಂದ್ಳು.

ಎರಡನೇ ಜಗಳ ಬೀರಪ್ಪನ ಜೊತಿ. ಬೀರಪ್ಪ ನಮ್ಮೂರ ಕುರಿ ಕಾಯೋವ, ಹನುಮಂತಗಿಂತ ನಾಕು ವರ್ಷ ಸಣ್ಣವ. ನನಗ ಅಕ್ಕ ಅಂತಿದ್ದ. ಕೊಯ್ದ ಹೊಲಕ್ಕ ಬಾಗಲಿಲ್ಲ ಅನ್ನೋದು ನಮ್ಮ ಕಡೆ ತಲತಲಾಂತರದ ಮಾತು. ರಾಶಿ ಮನಿಗೆ ಹೋದ ಮ್ಯಾಲೆ ಹೊಲ ಊರ ದನಕ್ಕ, ಕುರಿಗೆ. ಅವು ಮೇದು ಹಿಕ್ಕಿ ಹಾಕತಾವ, ಹೊಲಕ್ಕ ಗೊಬ್ಬರಾಗತೈತಿ, ಇಬ್ಬರಿಗೂ ಚಲೋ. ಬೀರಪ್ಪ ಏಳೆಂಟು ವರ್ಷದಿಂದ ಬ್ಯಾಸಗ್ಯಾಗ ನಮ್ಮ ಹೊಲದಾಗೇ ಕುರಿ ತರಬಿ ಮೇಯಿಸತಿದ್ದ. ಅಂಥಾ ಹೊಲಕ್ಕ ನಾನು ಸುತ್ತಲೂ ಜಾಲಿ ಮುಳ್ಳು ಬಡದೆ. ಅವ ಬಂದು ನೋಡಿದ, ನಕ್ಕ, ಇದೇನು ಅಕ್ಕ, ಸೀಮಿ ಕಟ್ಟೀದಿ ಅಂದ. ಈ ವರ್ಷ ಆಗಲ್ಲ ತಮ್ಮ ಅಂದೆ. ಅವನ ಮಾರಿ ಸಣ್ಣದಾತು, ಆದ್ರೂ ಕುರಿ ಹೊಡಕಂಡು ಹೋದ. ಯುಗಾದಿ ಆದ ಮ್ಯಾಲೆ ಹನುಮಂತ ತನ್ನ ಎಕರೆ ಉತ್ತು ಕೂಳಿಯೆಲ್ಲಾ ಕಿತ್ತು ಉರುವಲಿಗೆ ತಂದು ಹಾಕಿದ. ಊರಾಗ ಉಳಿದ ಎಲ್ಲರದೂ ಹಂಗ. ಕೂಳಿ ಉಳಿದದ್ದು ನಂದೊಂದೇ ಎಕರೆದಾಗ.

ಆಮ್ಯಾಲೆ ಭರಣಿ ಮಳಿ ಬಂತು. ಭರಣಿ ಬಂದ್ರ ಧರಣಿ ಬೆಳೆದೀತು ಅಂತಾರ ಹಿರ್ಯಾರು, ಆದ್ರ ಆ ವರ್ಷ ಅದು ಬಂದ ರೀತಿ ಬ್ಯಾರೆ. ನಡು ಮಧ್ಯಾಹ್ನ ಕಣ್ಣು ಕಾಣದಂಗ ಕೆಂದೂಳಿ ಎದ್ದಿತು. ಗಾಳಿ ತಗಡು ಕಿತ್ತು ಒಗೀತು. ಆಲಿಕಲ್ಲು ಬಿದ್ದು ಬೇವಿನ ಮರದಾಗಿನ ಕಾಗಿ ಸತ್ತು ಉದುರಿದ್ವು. ಸಿಡಿಲಿಗೆ ಹಳ್ಳದ ದಂಡಿ ಈಚಲ ಮರ ನಿಂತಲ್ಲೇ ಹೊತ್ತಿ ಉರೀತು. ಒಂದು ತಾಸಿನ್ಯಾಗ ಎಲ್ಲಾ ಮುಗೀತು, ಹೊಲದಾಗ ಮೊಣಕಾಲುದ್ದ ನೀರು.

ಎಂಟು ದಿನಕ್ಕ ನೋಡ್ತೀನಿ, ಸುತ್ತ ಕಣ್ಣು ಹೋದಷ್ಟು ದೂರ ಉತ್ತ ಹೊಲ ಕರ್ರಗ ಬಿದ್ದಾವ. ನಡುವ ನನ್ನ ಎಕರೆ ಹಸರಗ ಎದ್ದು ನಿಂತೈತಿ. ಒಂದೊಂದು ಕೂಳಿ ಬುಡಕ್ಕ ನಾಕು ನಾಕು ಚಿಗುರು, ಮೊಳಕೈ ಅರ್ಧ ಉದ್ದ. ಅದನ್ನ ನೋಡಿ ನನ್ನ ಕಣ್ಣಾಗ ನೀರೇ ಬಂತು. ಸಾರು ಫೋಟೋ ತೆಗೆದ್ರು. ಅಣಕಿಸಿದ ಹೆಣ್ಮಕ್ಕಳು ಬದುವಿನ ಮ್ಯಾಲೆ ಬಂದು ಬಾಯಿ ಮುಚ್ಚಿಕೊಂಡು ನೋಡಿ ಹೋದ್ರು. ಹನುಮಂತ ಎರಡು ದಿನ ನನ್ನ ಜೊತಿ ಮಾತು ಬಿಟ್ಟ. ನನಗ ಕಾಲು ನೆಲದ ಮ್ಯಾಲೆ ನಿಲ್ಲಲಿಲ್ಲ.

ಬ್ಯಾಸಗ್ಯಾಗ ಹಸರು ಕಂಡ ಕುರಿ ಬಿಟ್ಟಾವೇನು? ಬೀರಪ್ಪ ಮರುದಿನ ಬಂದು ಕೇಳಿಕಂಡ. ಮರಿ ಹಾಕಿದ ಕುರಿ ಅದಾವ ಅಕ್ಕ, ಹಾಲಿಲ್ಲ, ಎರಡು ದಿನ ಬಿಡು ಅಂದ. ನಾನು ಆಗಲ್ಲ ಅಂದೆ. ಮೂರನೇ ದಿನ ಅವ ಕೇಳಲಿಲ್ಲ. ಹೆಗಲ ಮ್ಯಾಲಿನ ಉದ್ದ ಕಾವಿನ ಕೊಡ್ಲಿ ತಗದು ನನ್ನ ಮುಳ್ಳು ಕಡಿಯಾಕ ನಿಂತ. ನಾನು ಬಡಿಗಿ ಹಿಡಿದು ಓಡಿದೆ. ಊರ ಮಂದಿ ಕೂಡಿದ್ರು. ಎಲ್ಲರೂ ಕೇಳೋ ಹಂಗ ಒದರಿದೆ:

"ನಿನ್ನ ಕುರಿ ಈ ಮುಳ್ಳು ದಾಟಿ ಒಳಗ ಕಾಲಿಟ್ರ ಒಂದೂ ತಿರುಗಿ ಹೊರಗ ಬರಲ್ಲ, ನೆಪ್ಪಿಟ್ಕೋ."

ಮಾತು ಆಡಿದ್ರ ಹೋತು, ಮುತ್ತು ಒಡೆದ್ರ ಹೋತು. ಬಿಸಿಯಾಗ ಅಂದದ್ದು, ಅದಕ್ಕ ಆ ಹೊತ್ತಿನ್ಯಾಗ ಯಾವ ಅರ್ಥಾನೂ ಇರಲಿಲ್ಲ. ಬೀರಪ್ಪ, ಗಂಡನ್ನ ಕಾಲಾಗ ಹಾಕ್ಕಂಡಾಕಿ ಜೊತಿ ನನಗೇನು ಮಾತು ಅಂದ. ಅದನ್ನ ಕೇಳಿ ಹನುಮಂತ ನೇಗಿಲು ಬಿಟ್ಟು ಬಂದು ಅವನ ಎದಿಗೆ ಗುದ್ದಿದ. ಇಬ್ಬರೂ ಮಣ್ಣಾಗ ಹೊಳ್ಳಾಡಿದ್ರು. ಬೀರಪ್ಪನ ಕೊಡ್ಲಿ ಕಾವು ಬಡದು ಹನುಮಂತನ ಹುಬ್ಬು ಸೀಳಿತು, ಒಂದು ಕಣ್ಣು ರಕ್ತದಾಗ ಮುಚ್ಚಿ ಹೋತು. ಬೀರಪ್ಪಂದು ಒಂದು ಹಲ್ಲು ಹೋತು. ಬಿಡಿಸಾಕ ಹೋದ ನನಗೂ ಎರಡು ಬಿದ್ವು, ಯಾರವೋ ಗೊತ್ತಾಗಲಿಲ್ಲ.

ಅವತ್ತೇ ಸಂಜಿಗೆ ಹಿರ್ಯಾರು ಕಟ್ಟಿ ಮ್ಯಾಲೆ ಕೂಡಿ ಮಾತಾಡಿದ್ರು. ನ್ಯಾಯ ಬೀರಪ್ಪನ ಕಡೆ ಇತ್ತು, ಅದು ನನಗೂ ಗೊತ್ತಿತ್ತು. ಯಾವ ಊರಾಗೈತಿ ಕೊಯ್ದ ಹೊಲಕ್ಕ ಬೇಲಿ ಹಾಕೋದು ಅಂತ ಕೇಳಿದ್ರು. ತಲಿಗೆ ಬಟ್ಟಿ ಕಟ್ಟಿದ ಹನುಮಂತನ ಕೈಲೆ ತಪ್ಪಾತು ಅನ್ನಿಸಿದ್ರು. ನಾಳೆ ಮುಂಜಾನಿ ಶಾಂತಮ್ಮ ತನ್ನ ಕೈಲೇ ಮುಳ್ಳು ತಗದು, ಬೀರಪ್ಪನ್ನ ಹೆಸರು ಹಿಡಿದು ಕರೆದು, ಕುರಿ ಒಳಗ ಬಿಡಿಸಬೇಕು ಅಂತ ತೀರ್ಮಾನಾತು. ಹನುಮಂತ ತಲಿ ಎತ್ತಲಿಲ್ಲ. ಅವನ್ನ ನಾನು ಅಷ್ಟು ಸಣ್ಣಗ ಕಂಡದ್ದು ಅವತ್ತೇ ಮೊದಲು.

ಮರುದಿನ ಮುಂಜಾನಿ ನಾನು ರೊಟ್ಟಿ ಬಡಿಯಾಕ ಕುಂತಿದ್ದೆ. ಅತ್ತಿ ಬಂದು ಒಲಿ ಮುಂದ ಕುಂತ್ಳು. ಆಕಿಗೆ ಮಂಡಿ ನೋವು, ಹೊಲಕ್ಕ ಹೋಗಿ ಎರಡು ವರ್ಷಾಗಿತ್ತು. ಹೊಲದಾಗ ಎದ್ದಿರೋದು ಏನೇ ಅಂತ ಕೇಳಿದ್ಳು. ಕೂಳಿ ಚಿಗುರು ಅಂದೆ. ಆಕಿ ಒಲಿಗೆ ಒಂದು ಕಟಗಿ ನೂಕಿ ಹೇಳಿದ್ಳು:

"ಎಳೇ ಕೂಳಿ ಚಿಗುರು ಇಸ ಐತಿ ಶಾಂತಿ. ನಮ್ಮವ್ವನ ಕಾಲದಾಗ ಒಂದು ಜೋಡಿ ಎತ್ತು ಅದನ್ನ ಮೇದು ನಿಂತಲ್ಲೇ ಬಿದ್ದಿದ್ವಂತ. ಆಳೆತ್ತರ ಆದ ಮ್ಯಾಲೆ ಏನೂ ಆಗಲ್ಲ. ಈಗ ಬಿಡಬಾರದು. ಹೋಗಿ ಹೇಳು."

ನಾನು ಹೂಂ ಅಂದೆ. ಅಂದು ರೊಟ್ಟಿ ತಿರುವಿ ಹಾಕಿದೆ. ಎಷ್ಟೋ ವರ್ಷದಿಂದ ಎಲ್ಲರೂ ಕೂಳಿ ಕಿತ್ತು ಉಳತಿದ್ರು, ಚಿಗುರಾಕ ಅದಕ್ಕ ಪುರಸತ್ತೇ ಸಿಗತಿರಲಿಲ್ಲ. ಅದಕ್ಕ ಊರಾಗ ಯಾರಿಗೂ ಆ ಮಾತಿನ ನೆಪ್ಪಿರಲಿಲ್ಲ. ನೆಪ್ಪಿದ್ದದ್ದು ಆ ಮುದುಕಿಗೆ. ಆಕಿ ಹೇಳಿದ್ದು ನನಗ. ಮನಿಯಿಂದ ಹೊಲದ ತನಕ ನಡೆಯೋ ಅಷ್ಟು ಹೊತ್ತು ನನ್ನ ಕಡೆ ಇತ್ತು. ಹಾದ್ಯಾಗ ನೂರು ಸಲ ಅನಕೊಂಡೆ, ಹೇಳತೀನಿ. ಆಮ್ಯಾಲೆ ಇನ್ನೊಂದು ಅನಸತಿತ್ತು: ಮುದುಕಿ ಮಾತು, ಖರೇ ಇರಲಿಕ್ಕಿಲ್ಲ. ಆಮ್ಯಾಲೆ ಇನ್ನೊಂದು: ಖರೇ ಇದ್ರ ಇರಲಿ.

ಬೀರಪ್ಪ ಕುರಿ ಹೊಡಕಂಡು ಬಂದು ನಿಂತಿದ್ದ. ಹಿರ್ಯಾರು ಇಬ್ಬರು ನೋಡಾಕ ಬಂದಿದ್ರು, ಹೆಣ್ಮಕ್ಕಳು ಹತ್ತು ಮಂದಿ, ಬದುವಿನ ಮ್ಯಾಲೆ ಹನುಮಂತ. ಬೀರಪ್ಪನ ತುಟಿ ಬಾತಿತ್ತು, ಆದ್ರೂ ಮಾರಿ ಮ್ಯಾಲೆ ಸಣ್ಣ ನಗಿ ಇತ್ತು. ಆ ನಗಿ ಇಲ್ಲದಿದ್ರ ನಾನು ಹೇಳತಿದ್ದೆ ಅಂತ ಎಷ್ಟೋ ದಿನ ನನಗ ನಾನೇ ಹೇಳಿಕಂಡೀನಿ. ಅದೂ ಸುಳ್ಳೇ ಇರಬೇಕು. ಮುಳ್ಳಿನ ಕಂಟಿ ಎಳೆದು ಬಾಜೂಕ್ಕ ಒಗದೆ, "ಬಾ ಬೀರಪ್ಪ, ಮೇಯಿಸ್ಕೋ" ಅಂದೆ.

ಕುರಿ ನುಗ್ಗಿದ್ವು. ಹಸದ ಕುರಿ, ತಲಿ ಎತ್ತಲಿಲ್ಲ. ಕರಕರ ಅನ್ನೋ ಸಪ್ಪಳ ಬಿಟ್ರ ಬ್ಯಾರೆ ಸಪ್ಪಳಿಲ್ಲ. ನಾಕು ರೊಟ್ಟಿ ಬೇಯೋ ಅಷ್ಟು ಹೊತ್ತು ಆಗಿರಬೇಕು. ಮುಂದಿದ್ದ, ಕೊರಳಿಗೆ ಗಂಟಿ ಕಟ್ಟಿದ ಕುರಿ ತಲಿ ಮ್ಯಾಲೆತ್ತಿ ಬಾಯಿ ತೆರೀತು. ಉಸಿರು ಎಳೀತು, ಎಳೆದದ್ದು ಒಳಗ ಹೋಗಲಿಲ್ಲ. ಕುಡುಕನಂಗ ನಾಕು ಹೆಜ್ಜಿ ವಾಲಿ ಅಡ್ಡ ಬಿತ್ತು, ಕಾಲು ಬಡಿಯಾಕ ಹತ್ತಿತು. ಅದರ ಹಿಂದ ಇನ್ನೊಂದು. ಆಮ್ಯಾಲೆ ಎಲ್ಲಾ ಕಡೆ. ಹೊಟ್ಟಿ ಉಬ್ಬಿ, ನಾಲಿಗಿ ಕಚ್ಚಿ, ಬಾಯಾಗ ನೊರಿ ಬಂದು ಧಪ್ ಧಪ್ ಅಂತ ಬೀಳತಿದ್ವು. ಮರಿಗೋಳು ಬಿದ್ದ ತಾಯಿ ಕೆಚ್ಚಲಿಗೆ ಬಾಯಿ ಹಾಕತಿದ್ವು. ಬೀರಪ್ಪ ಒಂದೊಂದನ್ನೂ ಎತ್ತಿ ನಿಲ್ಲಸತಿದ್ದ, ಅದು ಬೀಳತಿತ್ತು, ಮತ್ತ ಎತ್ತತಿದ್ದ. ಉಳಿದ ಕುರಿ ಹೊರಗ ಹೊಡೀರಿ ಅಂತ ನಾನು ಒದರಬೇಕು ಅಂತೀನಿ, ಬಾಯಿ ಬರಲಿಲ್ಲ. ಮುಳ್ಳು ತಗದ ಜಾಗದಾಗ ನಿಂತೇ ಇದ್ದೆ.

ಎಣ್ಣಿ ಹೊಡದಾಳ ಅಂತ ಯಾರೋ ಅಂದ್ರು. ಔಷಧಿಗೆ ನಮ್ಮ ಕಡೆ ಎಣ್ಣಿ ಅಂತಾರ. ಆ ಎಕರೆಗೆ ಔಷಧಿ ಹೊಡದದ್ದು ಇಡೀ ಊರು ನೋಡಿತ್ತು, ಅದು ಹತ್ತು ತಿಂಗಳ ಹಿಂದಿನ ಮಾತು ಅನ್ನೋದು ಆ ಹೊತ್ತಿನ್ಯಾಗ ಯಾರಿಗೆ ಬೇಕು. ನಾನು ಒದರಿದ ಮಾತೂ ಎಲ್ಲರಿಗೂ ನೆಪ್ಪಿತ್ತು. ಹೆಣ್ಮಕ್ಕಳು ನನ್ನ ಜಡಿ ಹಿಡಿದು ಎಳೆದು ನೆಲಕ್ಕ ಕೆಡವಿದ್ರು. ಎದಿ ಮ್ಯಾಲೆ ಒದ್ರು, ಮಣ್ಣಿನ ಹೆಂಟಿಲೆ ಬಾಯಿಗೆ ಬಡದ್ರು. ಕಣ್ಣು ತೆಗೆದ್ರ ಮ್ಯಾಲೆ ಬೀರಪ್ಪ ನಿಂತಾನ, ಎರಡೂ ಕೈಲೆ ಕೊಡ್ಲಿ ಎತ್ಯಾನ. ಅವನ ಕಣ್ಣಾಗ ನಾನು ಕಾಣತಿರಲಿಲ್ಲ.

ಕೊಡ್ಲಿ ಇಳಿಯೋದಕ್ಕೂ ಹನುಮಂತ ನಡುವ ಬರೋದಕ್ಕೂ ಸರಿಹೋತು. ಬಲಗೈ ಅಡ್ಡ ಹಿಡಿದ. ನನ್ನ ಕುತ್ತಿಗಿಗೆ ಬೀಳಬೇಕಾದದ್ದು ಅವನ ಕೈ ಮ್ಯಾಲೆ ಬಿತ್ತು. ಮೂರು ಬೆರಳು ನನ್ನ ಸೀರಿ ಮ್ಯಾಲೆ ಉದುರಿದ್ವು. ಎಲ್ಲರೂ ಒಮ್ಮೆಲೇ ಹಿಂದ ಸರಿದ್ರು. ಬೀರಪ್ಪ ಕೊಡ್ಲಿ ಒಗೆದು ತನ್ನ ರುಮಾಲು ಬಿಚ್ಚಿ ಆ ಕೈಗೆ ಸುತ್ತಾಕ ಕುಂತ. ಅಣ್ಣಾ ಅಣ್ಣಾ ಅಂತ ಅದೊಂದೇ ಮಾತು.

ಆ ಗದ್ದಲದಾಗ ಅತ್ತಿ ಕೋಲು ಊರಿಕೊಂಡು, ಉಡಿಯಾಗ ಬೆಲ್ಲ ಕಟ್ಟಿಕೊಂಡು ಹೊಲಕ್ಕ ಬಂದಿದ್ಳು. ಬೆಲ್ಲದ ನೀರು ಮಾಡಿ ಇನ್ನಾ ಉಸಿರಿದ್ದ ಕುರಿ ಬಾಯಿಗೆ ಹೊಯ್ದು ಹೊಯ್ದು ಒಂದಿಷ್ಟು ಉಳಿಸಿದ್ಳು. ಹೆಂಗ ಗೊತ್ತಾತವ್ವ ಅಂತ ಯಾರೋ ಕೇಳಿದ್ದಕ್ಕ, ಯಾವ ಇಸಕ್ಕಾದ್ರೂ ಬೆಲ್ಲ ಚಲೋ ಅಂದ್ಳು. ಆಮ್ಯಾಲೆ ನನ್ನ ಕಡೆ ನೋಡಿದ್ಳು. ಅವತ್ತಿನಿಂದ ತಾನು ಸಾಯೋ ತನಕ ಆಕಿ ನನಗ ಒಂದು ಮಾತು ಬೈಲಿಲ್ಲ. ಬೈದಿದ್ರ ಚಲೋ ಇತ್ತು.

ಬಿಸಿಲಿಗೆ ಹೆಣ ತಡೀತಿರಲಿಲ್ಲ, ದನದ ಡಾಕ್ಟರ್ ಬರೋದರಾಗ ಹಳ್ಳದಾಗ ಕುಣಿ ತೋಡಿ ಎಲ್ಲಾ ಹೂತಿದ್ರು. ಆದೋನಿ ದವಾಖಾನ್ಯಾಗ ಪೊಲೀಸ್ರು ಬಂದು ಕೇಳಿದ್ರ ಹನುಮಂತ, ಮುಳ್ಳು ಕಡಿಯೋ ಮುಂದ ಕೊಡ್ಲಿ ಜಾರಿತು ಸಾರ್, ಯಾರದೂ ತಪ್ಪಿಲ್ಲ ಅಂದ. ಬಾಗಲ ಹೊರಗ ನಿಂತಿದ್ದ ಬೀರಪ್ಪ ಅದನ್ನ ಕೇಳಿ ಗ್ವಾಡಿಗೆ ತಲಿ ಹಚ್ಚಿ ಅತ್ತ. ನಾನು ನನ್ನ ಗಂಡನ್ನ ದೇವರಂಥಾ ಮನಶ್ಯಾ ಅನಕೊಂಡೆ. ಅವನ ಮುಂದ ನನ್ನ ತಪ್ಪು ಬಿಚ್ಚಬೇಕು ಅಂತ ಬಾಯಿ ತೆರೀತಿದ್ದೆ, ಆ ಬಟ್ಟಿ ಸುತ್ತಿದ ಕೈ ಕಂಡು ಮುಚ್ಚತಿದ್ದೆ.

ಹೆಬ್ಬೆರಳು, ಕಿರುಬೆರಳು ಎರಡೇ ಉಳಿದ ಕೈಲೆ ನೇಗಿಲ ಮೇಣಿ ಹಿಡಿಯಾಕ ಬರಲ್ಲ. ಎತ್ತು ಸಂತಿಗೆ ಹೋದ್ವು. ಹಿಂಗ ನಮ್ಮ ಎರಡೂ ಎಕರೆಗೆ ಹೊಸ ಪದ್ಧತಿ ಬಂತು. ಉತ್ತ ಹೊಲ ಇಲ್ಲದಿದ್ರ ಹೋಲಿಸೋದು ಯಾವುದರ ಜೊತಿ ಅಂತ ಸಾರು ಪೆನ್ನು ಕಚ್ಚಿಕೊಂಡು ಕುಂತ್ರು. ಪಾಪ, ಅವರ ತ್ರಾಸು ಅವರಿಗೆ. ಬಿತ್ತೋ ಗಾಡಿ ನೂಕಾಕ ಬೀ‌ರಪ್ಪ ತಾನೇ ಬಂದ. ಉಳಿದ ಕುರಿ ತನ್ನ ತಮ್ಮಗ ಬಿಟ್ಟು, ಆ ವರ್ಷಾನೂ ಮುಂದಿನ ವರ್ಷಾನೂ ಎರಡೂ ಎಕರೆ ಅವನೇ ಬಿತ್ತಿ ಕೊಟ್ಟ. ನಮ್ಮ ಮನ್ಯಾಗ ಒಂದು ಚಾ ಕುಡೀತಿರಲಿಲ್ಲ. ಕೆಲಸ ಮಾಡತಿದ್ದ, ಹೋಗುವಾಗ ಹನುಮಂತನ ಕೈ ಕಡೆ ಒಮ್ಮೆ ನೋಡತಿದ್ದ, ಹೋಗತಿದ್ದ. ಕುರಿ ಸತ್ತದ್ದು ಹಳೇ ಔಷಧಿಗೆ, ಅಕ್ಕಗ ಅದು ಗೊತ್ತಿರಲಿಲ್ಲ, ಸಿಟ್ಟಿನ್ಯಾಗ ನಾನೇ ಅನ್ಯಾಯ ಮಾಡಿದೆ ಅಂತ ಮಂದಿ ಮುಂದ ಹೇಳಿಕೊಂಡು ತಿರುಗತಿದ್ದ. ಅದನ್ನ ಕೇಳಿದಾಗೆಲ್ಲಾ ನಾನು ಎದ್ದು ಒಳಗ ಹೋಗತಿದ್ದೆ.

ಅದರ ಮುಂದಿನ ಬ್ಯಾಸಗ್ಯಾಗ ಸಾರು ಆದೋನ್ಯಾಗ ದೊಡ್ಡ ಸಭಾ ಕರೆದ್ರು. ಮದ್ದಿಕೇರ ಕಡೆಯಿಂದ, ಪತ್ತಿಕೊಂಡ ಕಡೆಯಿಂದ ರೈತರು ಬಂದಿದ್ರು. ಕೂಳಿ ಬಿಡೋದಕ್ಕ ಊರೂರಾಗ ಕುರಿಯೋರ ಜೊತಿ ಜಗಳ ಎದ್ದಿದ್ವು, ಅದಕ್ಕ ಕುರಿ ಕಾಯೋರನ್ನೂ ಕರೆಸಿದ್ರು. ಬೀರಪ್ಪ ಹಿಂದಿನ ಸಾಲಿನ್ಯಾಗ ಕುಂತಿದ್ದ. ಸಾರು ಗ್ವಾಡಿ ಮ್ಯಾಲೆ ನನ್ನ ಎಕರೆದ ಫೋಟೋ ತೋರಿಸಿದ್ರು, ಕರೇ ಹೊಲದ ನಡುವ ಹಸರು. ಆಮ್ಯಾಲೆ ಒಂದು ಒಪ್ಪಂದ ಹೇಳಿದ್ರು. ಕೊಯ್ದ ಕೂಡಲೇ ಕುರಿ ಬಿಡಬ್ಯಾಡ್ರಿ. ಬ್ಯಾಸಗಿ ಮಳಿ ಬಿದ್ದು ಹಿಂಗ ಚಿಗುರು ಬಂದ ಮ್ಯಾಲೆ ಒಂದು ವಾರ ಕುರಿ ಮೇಯಿಸ್ರಿ. ಕುರಿಗೆ ಮೇವೂ ಆತು, ರೈತಗ ಗೊಬ್ಬರಾನೂ ಆತು. ಎಲ್ಲರೂ ತಲಿ ಆಡಿಸಿದ್ರು. ಕುರಿಯೋರು ಚಪ್ಪಾಳಿ ಹೊಡೆದ್ರು, ಬೀರಪ್ಪನೂ ಹೊಡೆದ.

ಅಷ್ಟೂ ಊರಿನ ಕುರಿ ನನ್ನ ಕಣ್ಣ ಮುಂದ ಬಾಯಿ ತೆರೆದು ಬೀಳತಿದ್ವು. ಎದ್ದು ನಿಂತೆ.

"ಸಾರ್, ಅದೊಂದು ಹೇಳಬ್ಯಾಡ್ರಿ. ಎಳೇ ಕೂಳಿ ಚಿಗುರು ಇಸ ಐತಿ. ಬೀರಪ್ಪನ ಕುರಿ ಸತ್ತದ್ದು ಔಷಧಿಗಲ್ಲ, ಅದನ್ನ ಮೇದು."

ಸಾರಿನ ಮಾರಿ ಬಿಳಚಿ ಹೋತು. ಹಿಂದಿನ ಸಾಲಿನಿಂದ ಬೀರಪ್ಪ ಎದ್ದ. ದನಿ ಏರಿಸಲಿಲ್ಲ.

"ಅಕ್ಕ, ಇದು ನಿನಗ ಯಾವಾಗ ಗೊತ್ತಾತು?"

ಸುಳ್ಳು ಹೇಳಾಕ ಬರತಿತ್ತು. ಆಮ್ಯಾಲೆ ಗೊತ್ತಾತು ಅಂದಿದ್ರ ಎಲ್ಲರೂ ನಂಬತಿದ್ರು. "ಮುಳ್ಳು ತೆಗಿಯೋಕಿಂತ ಮುಂಚೆ" ಅಂದೆ. ಬೀರಪ್ಪ ನಿಂತೇ ಇದ್ದ. ಅಷ್ಟರಾಗ ನನ್ನ ಪಕ್ಕದ ಕುರ್ಚಿ ಸಪ್ಪಳಾತು. ಹನುಮಂತ ಎದ್ದು ನಿಂತಿದ್ದ.

"ಆಕಿ ಒಬ್ಬಾಕಿಗೇ ಅಲ್ಲ ಬೀರಪ್ಪ. ಅವತ್ತು ಮುಂಜಾನಿ ಅವ್ವ ಕೊಟ್ಟಿಗಿಗೆ ಬಂದು ನನಗೂ ಹೇಳಿದ್ಳು. ನಾನೂ ಸುಮ್ಮನಿದ್ದೆ."

ಎರಡು ವರ್ಷ ಒಂದೇ ಚಾಪಿ ಮ್ಯಾಲೆ ಮಲಗಿದ್ವಿ, ಒಂದೇ ಗಂಗಾಳದಾಗ ಉಂಡಿದ್ವಿ. ಪೊಲೀಸರ ಮುಂದ ಅವ ಹೇಳಿದ ಸುಳ್ಳು ಒಳ್ಳೇತನ ಅಲ್ಲ, ತನ್ನ ತಪ್ಪಿಗೆ ದಂಡ ಕಟ್ಟಿದ್ದು ಅಂತ ನನಗ ಆ ಹೊತ್ತಿನ ತನಕ ಗೊತ್ತಿರಲಿಲ್ಲ. ಬೀರಪ್ಪ ಕೊಡ್ಲಿ ಎತ್ತಲಿ, ಬೈಲಿ, ಉಗುಳಲಿ ಅಂತ ಕಾದೆ. ಅವ ಹನುಮಂತನ ಬಲಗೈ ಕಡೆ ನೋಡಿದ.

"ಈ ಕೈ ನೋಡಿ ನೋಡಿ ನಾನು ಎರಡು ವರ್ಷ ಒಂದು ದಿನ ನೆಟ್ಟಗ ಉಂಡಿಲ್ಲ ಅಕ್ಕ" ಅಂದ. ರುಮಾಲು ಹೆಗಲಿಗೆ ಹಾಕ್ಕೊಂಡು ಹೊರಗ ಹೋದ.

ಆ ವರ್ಷ ಹಸ್ತಿ ಮಳಿಗೆ ಬಿತ್ತೋ ಗಾಡಿ ನಾನು ನೂಕಿದೆ, ಹನುಮಂತ ಮುಂದಿನಿಂದ ಹಗ್ಗ ಎಡಗೈಲೆ ಹಿಡಿದು ಎಳೆದ. ಬೀರಪ್ಪ ಬದುವಿನ ಆಚಿ ಹಾದ್ಯಾಗ ಕುರಿ ಹೊಡಕಂಡು ಹೋದ, ನಮ್ಮ ಕಡೆ ತಿರುಗಲಿಲ್ಲ. ನಾವೂ ಅವನ್ನ ಕರೀಲಿಲ್ಲ, ಯಾವ ಬಾಯಿಲೆ ಕರೀಬೇಕು.